ವಾರದ ಸಾಕ್ಷ್ಯ: ಶಾಸನಗಳ ಕಾಲನಿರ್ಣಯದಲ್ಲಿ ಎಣಿಕೆಯ ತೊಡಕುಗಳು

೧೮೭೨ರಲ್ಲಿ ಜೇಮ್ಸ್ ಬರ್ಜೆಸ್ಸರ ಸಂಪಾದಕತ್ವದಲ್ಲಿ ಮುಂಬಯಿಯಿಂದ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆ ಹೊರಡಲಾರಂಭಿಸಿತು. ಭಾಯಖಳಾದ ಎಜುಕೇಶನ್ ಸೊಸೈಟಿ ಮುದ್ರಣಾಲಯದಲ್ಲಿ ಬಹುಕಾಲ ಅಚ್ಚಾದ ಈ ಪತ್ರಿಕೆಯಿಂದ ಕನ್ನಡದ ಶಾಸನಸಂಶೋಧನೆಗೆ ಆದ ಉಪಕಾರ ಅಷ್ಟಿಷ್ಟಲ್ಲ. ಕನ್ನಡನಾಡಿನ ನೂರಾರು ಕಲ್ಲುಬರೆಹಗಳೂ ತಾಮ್ರಪಟಗಳೂ ವಿದ್ವತ್ಪ್ರಪಂಚದ ಬೆಳಕನ್ನು ಮೊದಲು ಕಂಡದ್ದು ಅದರ ಪುಟಗಳಲ್ಲಿ. ಅದರ ಮೊದಲ ಸಂಪುಟದಲ್ಲೇ ಪ್ರಕಟವಾದ ಮಡಿಕೇರಿಯ ತಾಮ್ರಪಟಗಳು ಮುಂದೆ ಎಬ್ಬಿಸಿದ ವಾದ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ಗಂಗವಂಶದ ಅವಿನೀತನ ಹೆಸರಿನಲ್ಲಿರುವ ಆ ಪಟಗಳು ಬದಣೆಗುಪ್ಪೆ ಎಂಬ ಊರನ್ನು ತಲವನನಗರದ ಜಿನಾಲಯಕ್ಕೆ ದತ್ತಿಯಾಗಿ ಕೊಟ್ಟುದನ್ನು ಹೇಳುತ್ತವೆ. ಅವುಗಳಲ್ಲಿ ಕೊಟ್ಟಿರುವ ಕಾಲ ಇಷ್ಟು: ಮುನ್ನೂರ ಎಂಬತ್ತೆಂಟನೆಯ ಸಂವತ್ಸರ, ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. ಯಾವ ಶಕೆಯ ಮುನ್ನೂರ ಎಂಬತ್ತೆಂಟು ಎಂಬುದನ್ನು ಶಾಸನ ಹೇಳುವುದಿಲ್ಲ. ಅದನ್ನು ಶಾಲಿವಾಹನ ಶಕೆಯೆಂದು ಹಿಡಿದರೆ ಕ್ರಿ. ಶ. ೪೬೬ ಆಗುತ್ತದೆ.

ಈ ಒಂದು ತೇದಿಯ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದನ್ನು ಗಮನಿಸಬೇಕು. ಪಟಗಳಲ್ಲಿ ಕನ್ನಡದ ಭಾಗವಿದೆ. ಆದುದರಿಂದ ತೇದಿ ನಿಜವಾದರೆ ಕಾಲವನ್ನು ಸ್ಪಷ್ಟವಾಗಿ ಹೇಳುವ ಕನ್ನಡ ಬರೆಹಗಳಲ್ಲಿ ಇದಕ್ಕೆ ಅತಿ ಹಳೆಯ ಸ್ಥಾನಗಳಲ್ಲೊಂದು ಸಲ್ಲುತ್ತದೆ. ದಾನವನ್ನು ಪಡೆದ ಜೈನಗುರುವಿನ ಪರಂಪರೆಯನ್ನು ಕುಂದಕುಂದಾನ್ವಯವೆಂದು ಕರೆದಿರುವುದರಿಂದ, ಪ್ರಾಕೃತದ ಮಹಾಗ್ರಂಥಕರ್ತರಾದ ಕುಂದಕುಂದಾಚಾರ್ಯರ ಕಾಲವೂ ಈ ತೇದಿಗೆ ತಳುಕು ಹಾಕಿಕೊಂಡಿದೆ. ೧೯೩೫ರಲ್ಲಿ ಇದೇ ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ‘ಪ್ರವಚನಸಾರ’ವನ್ನು ಸಂಪಾದಿಸಿ ಪ್ರಕಟಿಸಿದ ಸದಲಗೆಯ ಆ. ನೇ. ಉಪಾಧ್ಯೆಯವರೂ ತಮ್ಮ ಸುದೀರ್ಘ ಪೀಠಿಕೆಯಲ್ಲಿ ಈ ಪಟಗಳನ್ನು ಎದುರಿಸಬೇಕಾಯಿತು. ಫ್ಲೀಟರು ಇವನ್ನು ಕೂಟಶಾಸನವೆಂದು ತಳ್ಳಿಹಾಕಿದರು. ರೈಸರು ಗಂಗರ ಪಟಗಳನ್ನು ಸಮರ್ಥಿಸುತ್ತಲೇ ಬಂದರು. ಇಬ್ಬರೂ ಮಹಾವಿದ್ವಾಂಸರು, ಇಬ್ಬರ ವಾದದಲ್ಲಿಯೂ ಪಂಚಾಂಗದ ಗಣಿತಕ್ಕೆ ಪಾಲುಂಟು. ಆದರೆ ಪಂಚಾಂಗದ ಗಣಿತ ತಾಳೆಯಾಯಿತು ಅಥವಾ ತಾಳೆಯಾಗಲಿಲ್ಲ ಎಂಬ ಮಾತಿನ ನಿಜವಾದ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಕನ್ನಡದ ಕಾಲನಿರ್ಣಯ ಲೇಖನಗಳು ಕೇಳಿಕೊಂಡುದು ಬಹಳ ಕಡಿಮೆ. ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವುದು ಆ ಪ್ರಶ್ನೆಯನ್ನೇ.

ಶಾಸನದಲ್ಲಿ ವರ್ಷ, ಮಾಸ, ಪಕ್ಷ, ತಿಥಿಗಳೊಡನೆ ವಾರವನ್ನೂ ಹೇಳಿದ್ದರೆ, ಆ ತಿಥಿ ಯಾವ ವಾರ ಬಿದ್ದಿತೆಂದು ಲೆಕ್ಕ ಹಾಕಿ ನೋಡಬಹುದು. ಇದಕ್ಕೆ ಬೇಕಾದ ಕೋಷ್ಟಕಗಳನ್ನು ರಾಬರ್ಟ್ ಸೂವೆಲ್ಲರೂ ರತ್ನಾಗಿರಿ ಜಿಲ್ಲೆಯವರಾದ ಶಂಕರ ಬಾಲಕೃಷ್ಣ ದೀಕ್ಷಿತರೂ ಕೂಡಿ ೧೮೯೬ರಲ್ಲಿ ಪ್ರಕಟಿಸಿದ ‘ದಿ ಇಂಡಿಯನ್ ಕ್ಯಾಲೆಂಡರ್’ ಒದಗಿಸಿತು. ೧೯೨೨ರಲ್ಲಿ ಬಂದ ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫೆಮೆರಿಸ್’ ಕ್ರಿ. ಶ. ೭೦೦ರಿಂದ ಮುಂದಿನ ಕಾಲಕ್ಕೆ ಈ ಕೆಲಸವನ್ನು ಇನ್ನೂ ಸುಲಭಗೊಳಿಸಿತು. ಮಂಜೇಶ್ವರದ ಗೋವಿಂದ ಪೈಗಳಂಥವರ ಸಂಶೋಧನಲೇಖನಗಳಲ್ಲಿ ಈ ಬಗೆಯ ಗಣಿತಕ್ಕೆ ದೊರೆತ ಗೌರವ ಕನ್ನಡ ವಾಚಕರಿಗೆ ತಿಳಿದುದೇ ಆಗಿದೆ. ಲೆಕ್ಕ ಶಾಸನದ ವಾರಕ್ಕೆ ಕೂಡಿಬಂದರೆ ‘ತೇದಿ ಸರಿಹೋಗುತ್ತದೆ, ಆದುದರಿಂದ ಶಾಸನದ ಕಾಲ ನಿಶ್ಚಿತ’ ಎಂದು ಲೇಖನ ಮುಗಿಯುತ್ತದೆ.

ವಾರಗಳು ಏಳು. ತಪ್ಪಾದ ವರ್ಷವೊಂದನ್ನು ಕಣ್ಣುಮುಚ್ಚಿ ಆರಿಸಿಕೊಂಡರೂ ಅದರಲ್ಲಿ ಹೇಳಿದ ತಿಥಿಗೆ ಹೇಳಿದ ವಾರ ಬೀಳುವ ಸಂಭವ ಏಳರಲ್ಲಿ ಒಂದು. ಹೀಗಾಗಿ, ಒಂದೇ ಒಂದು ಲೆಕ್ಕ ಹಾಕಿ, ಅದು ಮೊದಲ ಸಲಕ್ಕೇ ಕೂಡಿಬಂದರೆ ಆ ಸಾಕ್ಷ್ಯಕ್ಕೆ ಗಣನೀಯವಾದ ತೂಕವುಂಟು. ವಾಸ್ತವದಲ್ಲಿ ಲೆಕ್ಕ ಮೊದಲ ಸಲಕ್ಕೆ ಕೂಡದಿದ್ದಾಗ ಏನಾಗುತ್ತದೆ? ಸಂಶೋಧಕನ ಮುಂದೆ ಕೆಲವು ಬಾಗಿಲುಗಳು ತೆರೆದಿರುತ್ತವೆ. ಶಾಸನದ ವರ್ಷ ‘ಗತ’ವೋ ‘ವರ್ತಮಾನ’ವೋ ಎಂಬುದು ಮೊದಲ ಬಾಗಿಲು: ೮೮೮ ಎಂದರೆ ೮೮೮ ವರ್ಷಗಳು ಕಳೆದಿದ್ದವೆಂದೂ ಆಗಬಹುದು, ೮೮೮ನೆಯದು ನಡೆಯುತ್ತಿತ್ತೆಂದೂ ಆಗಬಹುದು. ತಿಥಿ ಸೂರ್ಯೋದಯದಲ್ಲಿ ಇದ್ದುದೋ ದಾನದ ಹೊತ್ತಿಗೆ ನಡೆಯುತ್ತಿದ್ದುದೋ, ಕೋಷ್ಟಕಕ್ಕೂ ಅಂದಿನ ಜೋಯಿಸನ ಸಿದ್ಧಾಂತಕ್ಕೂ ಕೆಲವು ಘಳಿಗೆಗಳ ವ್ಯತ್ಯಾಸವಿತ್ತೋ ಎಂಬುದು ಎರಡನೆಯದು. ಇದರಿಂದ ಒಂದು ದಿನ ಹಿಂದಕ್ಕೂ ಒಂದು ದಿನ ಮುಂದಕ್ಕೂ ಸರಿಯುವ ಸ್ವಾತಂತ್ರ್ಯ ಸಿಗುತ್ತದೆ. ಕೃಷ್ಣಪಕ್ಷದ ತಿಥಿಯಾದರೆ ಮಾಸ ಅಮಾಂತವೋ ಪೂರ್ಣಿಮಾಂತವೋ ಎಂಬ ಮೂರನೆಯ ಬಾಗಿಲೂ ಉಂಟು. ಈ ಬಾಗಿಲುಗಳಲ್ಲಿ ಯಾವುದೂ ಕಪಟದ್ದಲ್ಲ. ಪ್ರಾಚೀನ ಲಿಪಿಕಾರರು ಇವೆಲ್ಲವನ್ನೂ ನಿಜವಾಗಿಯೇ ಬಳಸಿದ್ದಾರೆ. ತೊಡಕು ಇರುವುದು ಅವುಗಳ ಲೆಕ್ಕ ಇಡದಿರುವುದರಲ್ಲಿ.

ಉದಾಹರಣೆಗೆ, ಒಂದು ತಿಥಿ ಒಂದು ವರ್ಷದಲ್ಲಿ ಸೋಮವಾರ ಬಿದ್ದಿತೆಂದು ಇಟ್ಟುಕೊಳ್ಳೋಣ. ಒಂದು ದಿನದ ಹಿಂದುಮುಂದನ್ನು ಒಪ್ಪಿದರೆ ಭಾನುವಾರ, ಸೋಮವಾರ, ಮಂಗಳವಾರ ಈ ಮೂರೂ ‘ತಾಳೆ’ಯೇ. ಅಧಿಕಮಾಸವಿಲ್ಲದ ಚಾಂದ್ರವರ್ಷಕ್ಕೆ ಸಾಮಾನ್ಯವಾಗಿ ೩೫೪ ದಿನ. ಅದರಲ್ಲಿ ೫೦ ವಾರಗಳನ್ನು ಕಳೆದರೆ ೪ ದಿನ ಉಳಿಯುತ್ತದೆ. ಅಂದರೆ ಮರುವರ್ಷ ಅದೇ ತಿಥಿ ಶುಕ್ರವಾರ ಬೀಳುತ್ತದೆ. ಅದಕ್ಕೂ ಅದೇ ರಿಯಾಯಿತಿ ಕೊಟ್ಟರೆ ಗುರು, ಶುಕ್ರ, ಶನಿವಾರಗಳು ಸೇರಿಕೊಳ್ಳುತ್ತವೆ. ಏಳು ವಾರಗಳಲ್ಲಿ ಉಳಿದದ್ದು ಬುಧವಾರವೊಂದೇ! ಶಾಸನದಲ್ಲಿ ಬುಧವಾರವೆಂದು ಬರೆದಿದ್ದ ಹೊರತು, ಬೇರೆ ಏನು ಬರೆದಿದ್ದರೂ ತೇದಿ ‘ಸರಿಹೋಗುತ್ತದೆ’. ತಿಥಿ ಕೃಷ್ಣಪಕ್ಷದ್ದಾಗಿದ್ದು, ಪೂರ್ಣಿಮಾಂತದ ಬಾಗಿಲನ್ನೂ ತೆರೆದರೆ ಆ ಒಂದು ಬುಧವಾರವೂ ಒಳಗೆ ಬಂದುಬಿಡುತ್ತದೆ. ನಡುವೆ ಅಧಿಕಮಾಸ ಬಂದು ವರ್ಷ ೩೮೪ ದಿನಗಳದ್ದಾದರೆ ಎರಡು ಗುಂಪುಗಳು ಒಂದರ ಮೇಲೊಂದು ಬಿದ್ದು ನಾಲ್ಕೇ ವಾರಗಳು ಒಪ್ಪಿತವಾಗುತ್ತವೆ. ಆಗಲೂ ಏಳರಲ್ಲಿ ನಾಲ್ಕು. ಏಳರಲ್ಲಿ ಒಂದರಷ್ಟು ಅಪರೂಪವೆಂದು ತೋರುತ್ತಿದ್ದ ಹೊಂದಿಕೆ ಏಳರಲ್ಲಿ ಆರರಷ್ಟು ಸಾಮಾನ್ಯವಾಗಿಬಿಟ್ಟರೆ, ಅದು ಸಾಕ್ಷ್ಯವೆಂಬ ಹೆಸರಿಗೆ ಅರ್ಹವೆ? ಬಾಣ ನೆಟ್ಟ ಮೇಲೆ ಅದರ ಸುತ್ತ ಗುರಿಯ ವೃತ್ತವನ್ನು ಬರೆಯುವ ಬಿಲ್ಲುಗಾರನ ಕೌಶಲಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಆಯ್ಕೆಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ ಎಂಬುದು ಕನ್ನಡನಾಡಿಗೆ ಹೊಸ ತಿಳಿವಳಿಕೆಯೇನೂ ಅಲ್ಲ. ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಹಲವು ವಸ್ತುಗಳಲ್ಲಿ ಕೆಲವನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯಸೂತ್ರವನ್ನೇ ಕೊಟ್ಟಿದ್ದಾನೆ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಕೂಡಿಸುವವರೆಗೆ ಬೆರಸಿದರೆ ಆಗುವ ರುಚಿಗಳು ೬, ೧೫, ೨೦, ೧೫, ೬, ೧, ಒಟ್ಟು ೬೩. ಕೇವಲ ಆರು ರಸಗಳಿಂದ ಅರುವತ್ತಮೂರು ರುಚಿಗಳು! ಪಂಚಾಂಗದ ಸಣ್ಣ ಸಣ್ಣ ರಿಯಾಯಿತಿಗಳೂ ಹೀಗೆಯೇ ಬೆಳೆಯುತ್ತವೆ. ಎರಡು ವರ್ಷ, ಎರಡು ಬಗೆಯ ಮಾಸ, ಮೂರು ದಿನ ಎಂದರೆ ಹನ್ನೆರಡು ಪ್ರಯತ್ನಗಳಾದುವು. ಹನ್ನೆರಡು ಪ್ರಯತ್ನಗಳಿಗೆ ಏಳೇ ವಾರಗಳು.

(ಮಹಾವೀರನ ವಿಷಯ ಬಂದುದರಿಂದ ಒಂದು ಮಾತನ್ನು ಹೇಳಿ ಮುಂದುವರಿಯಬಹುದು. ಗೋಲದ ಘನಫಲಕ್ಕೆ ಅವನು ‘ವ್ಯಾವಹಾರಿಕ’ ಫಲವೆಂದು ತ್ರಿಜ್ಯದ ಘನದ ನಾಲ್ಕೂವರೆ ಪಟ್ಟನ್ನೂ, ‘ಸೂಕ್ಷ್ಮ’ ಫಲವೆಂದು ಅದರ ಹತ್ತರಲ್ಲಿ ಒಂಬತ್ತು ಭಾಗವನ್ನೂ, ಅಂದರೆ ೪.೦೫ ಪಟ್ಟನ್ನೂ ಕೊಡುತ್ತಾನೆ. ನಿಜವಾದ ಬೆಲೆ ೪.೧೯ಕ್ಕೆ ಸಮೀಪ. ಸೂಕ್ಷ್ಮವೆಂಬ ಹೆಸರು ಪಡೆದುದೂ ನೂರಕ್ಕೆ ಮೂರರಷ್ಟು ತಪ್ಪಿದೆ. ಅವನ ಮುತ್ತಿನ ಹಾರದ ಪ್ರಸಿದ್ಧ ಲೆಕ್ಕದಲ್ಲಿ ಉತ್ತರ ೧,೪೮,೬೦೮ ಮುತ್ತುಗಳೆಂದು ಬರುತ್ತದೆ. ಗುಣಾಕಾರದಲ್ಲಿ ದೋಷವಿಲ್ಲ, ಆದರೆ ಅಂಥ ಹಾರವನ್ನು ತೊಡುವ ಕೊರಳಿಲ್ಲ. ಅವನು ವಿನೋದಕ್ಕೆಂದು ಮಾಡಿದುದನ್ನು ಕಾಲನಿರ್ಣಯದ ಲೇಖನಗಳು ಕೆಲವು ಸಲ ಗಂಭೀರವಾಗಿ ಮಾಡುತ್ತವೆ.)

ತಾಳೆಯಾಗುವುದು ಬೇರೆ, ಸರಿಯಾಗಿರುವುದು ಬೇರೆ ಎಂಬುದು ಲೆಕ್ಕಪತ್ರದ ಬಳಕೆಯುಳ್ಳವರಿಗೆ ನಿತ್ಯದ ಅನುಭವ. ಜಮೆಯ ಮೊತ್ತವೂ ಖರ್ಚಿನ ಮೊತ್ತವೂ ಸಮವಾಗದಿದ್ದರೆ ಎಲ್ಲಿಯೋ ತಪ್ಪಿದೆಯೆಂಬುದು ಖಂಡಿತ. ಸಮವಾದರೆ ತಪ್ಪಿಲ್ಲವೆಂಬುದು ಖಂಡಿತವಲ್ಲ. ಒಬ್ಬನ ಖಾತೆಗೆ ಹೋಗಬೇಕಾದುದು ಇನ್ನೊಬ್ಬನ ಖಾತೆಗೆ ಹೋಗಿದ್ದರೂ ಮೊತ್ತಗಳು ಸಮವಾಗಿಯೇ ನಿಲ್ಲುತ್ತವೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಗುಮಾಸ್ತರು ಹುಡುಕತೊಡಗುತ್ತಾರೆ. ಆದರೆ ಬೇರೆ ಯಾವುದೋ ಕಾರಣದಿಂದ ಬಂದ ವ್ಯತ್ಯಾಸವೂ ಒಂಬತ್ತರಲ್ಲಿ ಒಂದು ಸಲ ಹಾಗೆ ಭಾಗವಾಗುತ್ತದೆಯೆಂಬುದನ್ನು ಅನುಭವಿಗಳು ಮರೆಯುವುದಿಲ್ಲ. ಸುಳಿವನ್ನು ತೀರ್ಪೆಂದು ಯಾರೂ ಬರೆದಿಡುವುದಿಲ್ಲ.

ಶಾಸನಗಳ ಮಟ್ಟಿಗೆ ಇದನ್ನು ಸಂಖ್ಯೆಗಳಲ್ಲಿ ಇಟ್ಟು ನೋಡಬಹುದು. ಈ ಸಂಖ್ಯೆಗಳು ಕೇವಲ ವಿವರಣೆಗಾಗಿ ಕಲ್ಪಿಸಿಕೊಂಡವು. ನೂರು ತಾಮ್ರಪಟಗಳಲ್ಲಿ ೮೦ ನಿಜವಾದವು, ೨೦ ಕೂಟ ಎಂದಿರಲಿ. ನಿಜವಾದವುಗಳಲ್ಲಿಯೂ ಲಿಪಿಕಾರನ ಪ್ರಮಾದದಿಂದ ಹತ್ತರಲ್ಲಿ ಒಂದರ ತೇದಿ ಕೆಟ್ಟಿರಲಿ. ಒಂದೇ ಬಾಗಿಲಿನ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ನಿಜವಾದ ೭೨ ಪಟಗಳೂ ಕೂಟವಾದವುಗಳಲ್ಲಿ ಆಕಸ್ಮಿಕವಾಗಿ ಸುಮಾರು ೩ ಪಟಗಳೂ ತಾಳೆಯಾಗುತ್ತವೆ. ತಾಳೆಯಾದ ೭೫ರಲ್ಲಿ ೭೨ ನಿಜ, ಎಂದರೆ ನೂರಕ್ಕೆ ೯೬. ಪರೀಕ್ಷೆ ತನ್ನ ಕೆಲಸ ಮಾಡಿತು. ಇನ್ನು ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟ ಪರೀಕ್ಷೆಯಲ್ಲಿ ನಿಜವಾದ ೮೦ ಪಟಗಳೂ ಒಂದಿಲ್ಲೊಂದು ದಾರಿಯಿಂದ ಪಾರಾಗುತ್ತವೆ; ಅವುಗಳೊಡನೆ ಕೂಟದ ೨೦ರಲ್ಲಿ ಏಳರಲ್ಲಿ ಆರು ಪಾಲು, ಸುಮಾರು ೧೭, ಪಾರಾಗುತ್ತವೆ. ೯೭ರಲ್ಲಿ ನಿಜವಾದವು ೮೦; ನೂರಕ್ಕೆ ಎಂಬತ್ತೆರಡೂವರೆ. ಪರೀಕ್ಷೆಗೆ ಮುಂಚೆಯೇ ನೂರಕ್ಕೆ ಎಂಬತ್ತೆಂದು ತಿಳಿದಿತ್ತು. ಇಷ್ಟೆಲ್ಲ ಗಣಿತದಿಂದ ಗಳಿಸಿದ ಜ್ಞಾನ ಎರಡೂವರೆ!

ಇದರ ಇನ್ನೊಂದು ಮುಖವನ್ನೂ ಬಿಡಬಾರದು. ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ತಾಳೆಯಾಗದೆ ಉಳಿದ ೨೫ ಪಟಗಳಲ್ಲಿ ೮ ನಿಜವಾದವು. ಆದುದರಿಂದ ತೇದಿ ಕೂಡಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಸನವನ್ನು ಕೂಟವೆನ್ನುವವನು ಮೂರು ಸಲಕ್ಕೊಮ್ಮೆ ನಿರಪರಾಧಿಯನ್ನು ಗಲ್ಲಿಗೇರಿಸುತ್ತಾನೆ. ೧೯೦೧ರಲ್ಲಿ ಇದೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕೂಟಶಾಸನಗಳ ದೀರ್ಘ ಪಟ್ಟಿಯನ್ನು ಕೊಟ್ಟ ಫ್ಲೀಟರ ನ್ಯಾಯ ಕಠೋರವಾಗಿತ್ತೆಂದು ಹೇಳುವವರುಂಟು. ಆದರೆ ಅವರು ಕೇವಲ ವಾರವನ್ನು ನೆಚ್ಚಿ ತೀರ್ಪು ಕೊಟ್ಟವರಲ್ಲ. ಲಿಪಿ, ಭಾಷೆ, ವಂಶಾವಳಿಗಳನ್ನೂ ಕೂಡಿಸಿ ನೋಡಿದವರು. ಅವರ ಪಟ್ಟಿಯನ್ನು ಮುಂದಿನವರು ಒಪ್ಪಿದುದಕ್ಕಿಂತಲೂ ಅಲ್ಲಗಳೆದುದಕ್ಕಿಂತಲೂ ಅವರು ಕೊಟ್ಟ ಕಾರಣಗಳನ್ನು ಒಂದೊಂದಾಗಿ ತೂಗಿನೋಡಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು.

ಈ ವಿಷಯದಲ್ಲಿ ಕೀಲ್‌ಹಾರ್ನರ ಮೇಲ್ಪಂಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದು, ಬಳಿಕ ಗ್ಯೋಟಿಂಗನ್ನಿಗೆ ಹೋದ ಅವರು, ೧೮೯೦ರ ದಶಕದಲ್ಲಿ ಶಕಕಾಲದ ತೇದಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ತಾಳೆಯಾದವನ್ನಷ್ಟೇ ಅಲ್ಲದೆ ತಾಳೆಯಾಗದವನ್ನೂ ಬೇರೆ ಗುಂಪಾಗಿ ಪ್ರಕಟಿಸಿದರು. ಗೆದ್ದ ಪಂದ್ಯಗಳನ್ನು ಮಾತ್ರ ಹೇಳಿಕೊಳ್ಳುವ ಜೂಜುಗಾರನ ಚಾಳಿ ಅವರಲ್ಲಿರಲಿಲ್ಲ. ಇದರಿಂದ ಆದ ಲಾಭ ದೊಡ್ಡದು. ಶಕವರ್ಷಗಳು ಬಹುಮಟ್ಟಿಗೆ ಗತವರ್ಷಗಳೇ, ವರ್ತಮಾನವರ್ಷಗಳು ಕಡಮೆ ಎಂಬುದು ಆ ಸಂಗ್ರಹದಿಂದ ಹೊರಪಟ್ಟಿತು. ಎಂದಮೇಲೆ ಗತದ ಬಾಗಿಲಿನಿಂದ ಬಂದ ತಾಳೆಗೂ ವರ್ತಮಾನದ ಬಾಗಿಲಿನಿಂದ ಬಂದ ತಾಳೆಗೂ ಸಮಾನ ಬೆಲೆಯಿಲ್ಲ. ಒಂದೇ ಶಾಸನವನ್ನು ಹಿಡಿದು ಕುಳಿತವನಿಗೆ ಈ ವಿವೇಕ ದೊರೆಯುವಂತಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೨ರವರೆಗೆ ಗಣಿತಜ್ಞರಾಗಿದ್ದ ದಾ. ಧ. ಕೋಸಂಬಿಯವರು ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ತೂಗಿದುದೂ ಇದೇ ತತ್ತ್ವದ ಮೇಲೆ. ಒಂದು ನಾಣ್ಯದ ಸವೆತ ಏನನ್ನೂ ಹೇಳದು. ನೂರಾರು ನಾಣ್ಯಗಳ ಸರಾಸರಿ ತೂಕ ಇಳಿಯುತ್ತ ಹೋಗುವುದೂ ತೂಕಗಳ ಚದುರುವಿಕೆ ಹೆಚ್ಚುತ್ತ ಹೋಗುವುದೂ ಅವು ಚಲಾವಣೆಯಲ್ಲಿದ್ದ ಕಾಲವನ್ನು ಹೇಳುತ್ತವೆ. ಅಂಥವರೂ ೧೯೫೯ರಲ್ಲಿ ರೀಮಾನ್ನನ ಪ್ರಮೇಯಕ್ಕೆ ಸಂಭವನೀಯತೆಯ ಮಾರ್ಗದಿಂದ ಸಾಧನೆ ದೊರೆಯಿತೆಂದು ಪ್ರಕಟಿಸಿದಾಗ ಗಣಿತಜ್ಞರು ಅದನ್ನು ಒಪ್ಪಲಿಲ್ಲ. ಸಂಭವನೀಯತೆ ನುರಿತವರನ್ನೂ ಜಾರಿಸುವ ನೆಲ.

ಸಾಕ್ಷಿಗಳು ಹಲವಿದ್ದರೆ ಬಲ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಸಾಕ್ಷಿಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಅದು ನಿಜ. ಶಕವರ್ಷವೂ ಸಂವತ್ಸರದ ಹೆಸರೂ ಹೊಂದಿಕೊಂಡರೆ, ಸಂವತ್ಸರಗಳು ಅರುವತ್ತಾದುದರಿಂದ ಇದು ಅರುವತ್ತರಲ್ಲೊಂದರ ಹೊಂದಿಕೆಯೆಂದು ಹಿಗ್ಗುವುದುಂಟು. ಆದರೆ ಶಕವರ್ಷ ಗೊತ್ತಿರುವ ಯಾವ ಶಾನುಭಾಗನಾದರೂ, ಎಷ್ಟು ಶತಮಾನಗಳ ಬಳಿಕ ಕುಳಿತು ಬರೆದರೂ, ಬೆರಳೆಣಿಸಿ ಸಂವತ್ಸರದ ಹೆಸರನ್ನು ಹೇಳಬಲ್ಲ. ಅಲ್ಲಿ ಸಾಬೀತಾಗುವುದು ಅವನ ಎಣಿಕೆಯ ಜಾಣತನ. ವಾರದ ವಿಷಯ ಹಾಗಲ್ಲ. ನೂರಾರು ವರ್ಷಗಳ ಹಿಂದಿನ ತಿಥಿಯ ವಾರವನ್ನು ಸರಿಯಾಗಿ ಹೇಳುವುದು ಕೂಟಶಾಸನಕಾರನಿಗೆ ಸುಲಭವಲ್ಲ. ವಾರದ ಸಾಕ್ಷ್ಯಕ್ಕೆ ಇರುವ ಬೆಲೆಯೆಲ್ಲ ಇದರಿಂದಲೇ ಬಂದುದು. ಅದನ್ನು ರಿಯಾಯಿತಿಗಳಲ್ಲಿ ಕಳೆದುಕೊಳ್ಳುವುದು ಅದಕ್ಕಾಗಿಯೇ ವಿಷಾದಕರ. ಸೂರ್ಯಗ್ರಹಣದ ಉಲ್ಲೇಖಕ್ಕೆ ಇನ್ನೂ ಹೆಚ್ಚಿನ ಬೆಲೆ ಸಲ್ಲಬೇಕು. ಆದರೆ ‘ಈ ಗ್ರಹಣ ಇಲ್ಲಿ ಕಾಣಿಸದಿದ್ದರೂ ಜೋಯಿಸರು ಲೆಕ್ಕದಿಂದ ತಿಳಿದಿರಬಹುದು’ ಎಂದೊಮ್ಮೆ ಒಪ್ಪಿದರೆ, ವರ್ಷಕ್ಕೆ ಎರಡಕ್ಕೆ ಕಡಮೆಯಿಲ್ಲದಂತೆ ಭೂಮಿಯ ಮೇಲೆ ಎಲ್ಲಿಯೋ ಸೂರ್ಯಗ್ರಹಣವಾಗುವುದರಿಂದ, ಐದಾರು ಅಮಾವಾಸ್ಯೆಗಳಲ್ಲಿ ಒಂದು ತಾನಾಗಿಯೇ ಹೊಂದಿಬಿಡುತ್ತದೆ. ಹೇಳಿದ ಊರಿನಲ್ಲಿ ಕಾಣಿಸಿದ ಗ್ರಹಣವೇ ಆಗಬೇಕೆಂದರೆ ಸುಮಾರು ಮೂವತ್ತು ಅಮಾವ��ಸ್ಯೆಗಳಿಗೆ ಒಂದು.

ಇಷ್ಟನ್ನು ಮನಸ್ಸಿನಲ್ಲಿಟ್ಟು ಮಡಿಕೇರಿಯ ಪಟಗಳಿಗೆ ಮರಳಿದರೆ, ಅಲ್ಲಿ ಕೋಷ್ಟಕವೇ ಬೇಡದ ಒಂದು ಸಾಕ್ಷ್ಯ ಕಾಣಸಿಗುತ್ತದೆ. ಮಾಘಮಾಸಕ್ಕೆ ಆ ಹೆಸರು ಬಂದುದೇ ಅದರ ಹುಣ್ಣಿಮೆಯ ಚಂದ್ರ ಮಘಾ ನಕ್ಷತ್ರದ ಬಳಿ ಇರುವುದರಿಂದ. ಚಂದ್ರನು ದಿನಕ್ಕೆ ಸುಮಾರು ಒಂದು ನಕ್ಷತ್ರದಂತೆ ನಡೆಯುತ್ತಾನೆ. ಶುದ್ಧ ಪಂಚಮಿ ಹುಣ್ಣಿಮೆಗೆ ಹತ್ತು ತಿಥಿ ಮುಂಚೆ. ಅಂದು ಚಂದ್ರ ಇರಬೇಕಾದುದು ಪೂರ್ವಾಭಾದ್ರೆಯಿಂದ ಅಶ್ವಿನಿಯವರೆಗಿನ ನಕ್ಷತ್ರಗಳಲ್ಲಿ. ಸ್ವಾತಿಯಾದರೋ ಮಘೆಯಿಂದ ಮುಂದಕ್ಕೆ ಎಣಿಸಿದರೆ ಐದನೆಯದು: ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ. ಹುಣ್ಣಿಮೆ ಕಳೆದು ಸುಮಾರು ಐದು ದಿನಗಳಾದ ಮೇಲೆ ಚಂದ್ರ ಅಲ್ಲಿಗೆ ಬರುತ್ತಾನೆ. ಎಂದರೆ ಮಾಘ ಶುದ್ಧ ಪಂಚಮಿಯೂ ಸ್ವಾತಿಯೂ ಒಂದೇ ದಿನ ಕೂಡುವುದು ೪೬೬ರಲ್ಲಿ ಮಾತ್ರವಲ್ಲ, ಯಾವ ಶಕೆಯ ಯಾವ ವರ್ಷದಲ್ಲಿಯೂ ಸಾಧ್ಯವಿಲ್ಲ. ಗತವಾಗಲಿ ವರ್ತಮಾನವಾಗಲಿ, ಒಂದು ದಿನ ಹಿಂದಾಗಲಿ ಮುಂದಾಗಲಿ, ಇಲ್ಲಿ ಯಾವ ಬಾಗಿಲೂ ಉಪಯೋಗಕ್ಕೆ ಬಾರದು. ಪಟದಲ್ಲಿ ಬರೆದ ದಿನ ಎಂದೂ ಆಗಿಹೋದ ದಿನವಲ್ಲ.

ಇದರಿಂದ ಪಟಗಳು ಕೂಟವೆಂದು ಸಿದ್ಧವಾಯಿತೆ? ಆಗಲಿಲ್ಲ. ‘ಬಹುಳ’ ಎಂದಿರಬೇಕಾದಲ್ಲಿ ಕಂಡರಣೆಗಾರನು ‘ಶುದ್ಧ’ ಎಂದು ಕೊರೆದಿರಬಹುದು. ಮಾಘ ಬಹುಳ ಪಂಚಮಿಯಂದು ಸ್ವಾತಿ ಬರುವುದು ಸಹಜವಾಗಿಯೇ ಇದೆ. ತಿದ್ದುಪಡಿ ಸರಳವೂ ಹೌದು, ಆಕರ್ಷಕವೂ ಹೌದು. ಆದರೆ ಅದಕ್ಕೆ ತೆರಬೇಕಾದ ಬೆಲೆಯಿದೆ. ಪಕ್ಷವನ್ನು ಬದಲಿಸುವ ಹಕ್ಕನ್ನು ಪಡೆದುಕೊಂಡವನು, ಆ ಬಳಿಕ ಸೋಮವಾರವನ್ನು ಹುಡುಕಲು ಎರಡು ವರ್ಷ, ಮೂರು ದಿನಗಳ ಸ್ವಾತಂತ್ರ್ಯವನ್ನೂ ಉಳಿಸಿಕೊಂಡರೆ, ಸೋಮವಾರ ಸಿಕ್ಕದಿರುವುದೇ ಆಶ್ಚರ್ಯವಾದೀತು. ಸಿಕ್ಕಿದ ಸೋಮವಾರ ಏನನ್ನೂ ಸಾಧಿಸದು. ಶಕೆಯ ಹೆಸರೇ ಶಾಸನದಲ್ಲಿಲ್ಲವೆಂಬುದನ್ನು ಇದರ ಜೊತೆಗೆ ನೆನೆಯಬೇಕು.

ಇನ್ನೊಂದು ವಾದದಲ್ಲಿ ತರ್ಕದ ಬೇರೊಂದು ತೊಡಕಿದೆ. ವಾರವನ್ನು ಹೇಳುವ ಭಾರತೀಯ ಶಾಸನಗಳಲ್ಲಿ ನಿಶ್ಚಿತವಾಗಿ ಅತಿ ಹಳೆಯದು ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ ಸ್ತಂಭಶಾಸನ. ಗುಪ್ತವರ್ಷ ೧೬೫, ಆಷಾಢ ಶುದ್ಧ ದ್ವಾದಶಿ, ಗುರುವಾರ, ಅಂದರೆ ಕ್ರಿ. ಶ. ೪೮೪. ಗುಪ್ತಶಕೆಯ ಆರಂಭವನ್ನು ಗೊತ್ತುಪಡಿಸುವಲ್ಲಿ ಫ್ಲೀಟರಿಗೂ ಅವರಿಗಾಗಿ ಲೆಕ್ಕ ಹಾಕಿಕೊಟ್ಟ ದೀಕ್ಷಿತರಿಗೂ ಈ ಗುರುವಾರ ಮಹತ್ತ್ವದ ಆಧಾರವಾಯಿತು. ೪೮೪ಕ್ಕಿಂತ ಮುಂಚೆ ವಾರದ ಬಳಕೆಯಿಲ್ಲ, ಆದುದರಿಂದ ೪೬೬ರ ಸೋಮವಾರ ಸುಳ್ಳು ಎಂದು ವಾದಿಸುವುದು ಸುಲಭ. ಆದರೆ ದೊರೆತವುಗಳಲ್ಲಿ ಹಳೆಯದು ಎಂಬುದಕ್ಕೂ ಇದ್ದವುಗಳಲ್ಲಿ ಹಳೆಯದು ಎಂಬುದಕ್ಕೂ ಅಂತರವುಂಟು. ನಾಳೆ ಒಂದು ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಕಲ್ಲು ಆ ಗಡಿಯನ್ನು ಐವತ್ತು ವರ್ಷ ಹಿಂದಕ್ಕೆ ಒಯ್ಯಬಹುದು. ಈ ವಾದಕ್ಕೆ ಬಲ ಬರುವುದು ೪೮೪ ಎಂಬ ಒಂದು ಅಂಕಿಯಿಂದಲ್ಲ. ಅದರ ಅನಂತರವೂ ಮೂರು ಶತಮಾನಗಳ ಕಾಲ ವಾರದ ಉಲ್ಲೇಖ ಅಪರೂಪವಾಗಿಯೇ ಉಳಿದು, ಸುಮಾರು ಕ್ರಿ. ಶ. ೮೦೦ರಿಂದ ಈಚೆಗೆ ಸಾಮಾನ್ಯವಾಯಿತೆಂಬುದರಿಂದ. ರಾಷ್ಟ್ರಕೂಟರ ಬಿರುದಾದ ಅಕಾಲವರ್ಷ ಎಂಬ ಹೆಸರು ಪಟಗಳಲ್ಲಿ ಬರುವುದನ್ನೂ ಲಿಪಿಯ ಈಚಿನ ರೂಪವನ್ನೂ ಇದರೊಡನೆ ಇಟ್ಟಾಗ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಸೋಮವಾರದ ಲೆಕ್ಕ ಕೂಡಿತೆ ಇಲ್ಲವೆ ಎಂಬುದಕ್ಕಿಂತ ಇವುಗಳ ತೂಕ ಬಹಳ ಹೆಚ್ಚು.

ದೀಕ್ಷಿತರ ಕಾಲದಲ್ಲಿ ಕೈಲೆಕ್ಕದಿಂದ ಒಂದು ತೇದಿಯನ್ನು ಪರೀಕ್ಷಿಸುವುದು ಶ್ರಮದ ಕೆಲಸವಾಗಿತ್ತು. ಆ ಶ್ರಮವೇ ಒಂದು ಕಡಿವಾಣ. ಯಾರೂ ಹನ್ನೆರಡು ಬಾಗಿಲುಗಳನ್ನು ತಟ್ಟುವ ಸಾಹಸಕ್ಕೆ ಸುಲಭವಾಗಿ ಹೋಗುತ್ತಿರಲಿಲ್ಲ. ಇಂದು ಜಪಾನಿನ ಮಿಚಿಯೊ ಯಾನೊ ಅವರು ಸಿದ್ಧಪಡಿಸಿದ ‘ಪಂಚಾಂಗ’ದಂಥ ಗಣಕಯಂತ್ರದ ಕ್ರಮವಿಧಿಗಳು ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತವೆ. ಲೆಕ್ಕದ ತಪ್ಪು ಇಲ್ಲವಾಯಿತು, ನಿಜ. ಆದರೆ ತಟ್ಟಿನೋಡಿದ ಬಾಗಿಲುಗಳ ಸಂಖ್ಯೆಗೆ ಮಿತಿಯೂ ಇಲ್ಲವಾಯಿತು. ಅಚ್ಚಾಗುವುದು ತೆರೆದ ಬಾಗಿಲೊಂದೇ. ವಾಚಕನಿಗೆ ಲೇಖನದಲ್ಲಿ ಕಾಣುವುದು ಒಂದು ತೇದಿ, ಒಂದು ವಾರ, ಒಂದು ತಾಳೆ. ಅದರ ಹಿಂದೆ ಎಷ್ಟು ಲೆಕ್ಕಗಳು ಕಸದ ಬುಟ್ಟಿಗೆ ಹೋದುವೆಂಬುದು ತಿಳಿಯದ ಹೊರತು ಆ ತಾಳೆಯನ್ನು ಅವನು ತೂಗಲಾರ. ಯಾವ ರಿಯಾಯಿತಿಗಳನ್ನು ಒಪ್ಪಲಾಗುವುದೆಂದು ಲೆಕ್ಕಕ್ಕೆ ಮುಂಚೆಯೇ ಗೊತ್ತುಮಾಡಿಕೊಂಡು, ಕೂಡದೆ ಹೋದ ವರ್ಷಗಳನ್ನೂ ಎರಡು ಸಾಲುಗಳಲ್ಲಿ ಅಚ್ಚುಮಾಡಿದರೆ ಸಾಕು. ಅದಕ್ಕೆ ಹೆಚ್ಚು ಕಾಗದ ಹಿಡಿಯುವುದಿಲ್ಲ.

ಕಡೆಗೆ ಕುಂದಕುಂದರ ಕಾಲದ ಮಾತು. ಪಟಗಳಲ್ಲಿ ಕುಂದಕುಂದಾನ್ವಯದ ಆರು ಗುರುಗಳ ಹೆಸರುಗಳಿವೆ. ತಲೆಗೆ ಇಪ್ಪತ್ತೈದು ವರ್ಷದಂತೆ ನೂರೈವತ್ತು ವರ್ಷಗಳನ್ನು ೪೬೬ರಿಂದ ಕಳೆದು, ಮೊದಲ ಗುರು ಮೂರನೆಯ ಶತಮಾನದ ಕೊನೆಗೋ ನಾಲ್ಕನೆಯದರ ಮೊದಲಿಗೋ ಇದ್ದನೆಂದೂ, ಕುಂದಕುಂದರು ಅವನಿಗಿಂತ ಹಿಂದಿನವರೆಂದೂ ಕೆಲವರು ಲೆಕ್ಕ ಹಾಕಿದ್ದಾರೆ. ಆರು ಕಂಬಗಳ ನಡುವೆ ಇರುವ ಅಂಕಣಗಳು ಐದು. ಆದುದರಿಂದ ಮೊದಲನೆಯ ಗುರುವಿನಿಂದ ಆರನೆಯವನಿಗೆ ಆಗುವುದು ನೂರಿಪ್ಪತ್ತೈದು ವರ್ಷ. ಇದು ಚಿಕ್ಕ ತಪ್ಪು. ಇಪ್ಪತ್ತೈದು ಎಂಬ ಸರಾಸರಿ ದೊಡ್ಡ ತಪ್ಪಿಗೆ ದಾರಿ. ತಂದೆಮಕ್ಕಳ ತಲೆಮಾರಿಗೆ ಒಪ್ಪುವ ಅಳತೆ ಗುರುಶಿಷ್ಯರಿಗೆ ಒಪ್ಪಬೇಕೆಂದಿಲ್ಲ. ಗುರುವಿಗಿಂತ ಹತ್ತೇ ವರ್ಷ ಕಿರಿಯನಾದ ಶಿಷ್ಯನೂ ಉಂಟು, ಐವತ್ತು ವರ್ಷ ಕಿರಿಯನಾದವನೂ ಉಂಟು. ನೂರಾರು ಪರಂಪರೆಗಳ ಮೇಲೆ ಸರಿದೂಗುವ ಸರಾಸರಿ ಐದೇ ಅಂಕಣಗಳ ಒಂದು ಪರಂಪರೆಯಲ್ಲಿ ಸರಿದೂಗುತ್ತದೆಂದು ಹೇಳುವಂತಿಲ್ಲ. ಅನ್ವಯವೆಂದರೆ ನೇರ ಶಿಷ್ಯಪರಂಪರೆಯ ಆರಂಭವೆಂದೂ ಅರ್ಥವಲ್ಲ. ಕುಂದಕುಂದರಿಗೂ ಪಟದ ಮೊದಲ ಗುರುವಿಗೂ ನಡುವೆ ಒಂದು ತಲೆಮಾರಿತ್ತೋ ಹತ್ತಿದ್ದುವೋ ಪಟ ಹೇಳುವುದಿಲ್ಲ. ಇಷ್ಟೆಲ್ಲ ಆದಮೇಲೂ ಎಣಿಕೆಯ ಬುಡದಲ್ಲಿ ಕುಳಿತಿರುವುದು, ಸ್ವಾತಿ ಇರಲಾರದ ಪಂಚಮಿಯಂದು ಬರೆದ, ಶಕೆಯ ಹೆಸರಿಲ್ಲದ ೩೮೮. ಕುಂದಕುಂದರು ಆ ಕಾಲದವರೇ ಇರಬಹುದು, ಇನ್ನೂ ಹಳಬರೂ ಇರಬಹುದು. ಅದನ್ನು ಅವರ ಗ್ರಂಥಗಳ ಭಾಷೆಯಿಂದಲೂ ಟೀಕಾಕಾರರ ಕಾಲದಿಂದಲೂ ಬೇರೆಯಾಗಿ ವಿಚಾರಿಸಬೇಕು. ಬದಣೆಗುಪ್ಪೆಯ ದತ್ತಿಯ ತೇದಿಯನ್ನು ಆ ವಿಚಾರದಿಂದ ಸದ್ಯಕ್ಕೆ ಹೊರಗಿಡುವುದೇ ಲೇಸು.